ಹೊಗೆ ಅಳೆದವರು, ಹೊಗೆ ಕುಡಿದವರು

ಕಾರ್ಖಾನೆಯ ಹೊಗೆಗೆ ಮೂಗುದಾರ ಹಾಕುವ ಕಾನೂನು ಹುಟ್ಟಿದ್ದು ಯಾರ ಸಂಕಟಕ್ಕೆ? ಕೆಮ್ಮಿ ಕೆಮ್ಮಿ ಸತ್ತ ಕೂಲಿಯವನ ಸಂಕಟಕ್ಕಂತೂ ಅಲ್ಲ. ಜಮೀನ್ದಾರನ ತೋಪಿನ ಮರ ಒಣಗಿದ್ದಕ್ಕೆ. ಇದು ಸಿಟ್ಟಿನಲ್ಲಿ ಆಡುವ ಮಾತಲ್ಲ, ದಾಖಲೆಯಲ್ಲಿರುವ ಚರಿತ್ರೆ.

ಊರ ಪಕ್ಕದ ಕಾರ್ಖಾನೆಯ ಹೊಗೆ, ಧೂಳು, ಸದ್ದಿನ ವಿರುದ್ಧ ಅರ್ಜಿ ಹಿಡಿದು ಓಡಾಡುವ ಗೆಳೆಯರಿಗೆ ಈ ಚರಿತ್ರೆ ಗೊತ್ತಿರಬೇಕು. ಯಾಕೆಂದರೆ ಅವರ ಅರ್ಜಿ ಎರಡು ಕಚೇರಿಗಳ ನಡುವೆ ಚೆಂಡಿನ ಹಾಗೆ ಉರುಳುತ್ತದೆ. ಒಂದು ಕಚೇರಿ "ಅದು ಕಾರ್ಖಾನೆ ಒಳಗಿನ ವಿಷಯ, ನಮ್ಮದಲ್ಲ" ಅನ್ನುತ್ತದೆ. ಇನ್ನೊಂದು "ಅದು ಕಾಂಪೌಂಡಿನ ಹೊರಗಿನದು, ನಮ್ಮದಲ್ಲ" ಅನ್ನುತ್ತದೆ. ಒಳಗೆ, ಹೊರಗೆ ಎಂಬ ಈ ಗೆರೆಯನ್ನು ಎಳೆದವರು ಯಾರು? ಊರು ಬೇರೆ ಕೇರಿ ಬೇರೆ ಅಂತ ಗೆರೆ ಎಳೆದ ನಾಡಿನಲ್ಲಿ ಈ ಗೆರೆ ಎಲ್ಲಿ ಹೋಗಿ ಕೂತಿತು? ಇದನ್ನೇ ಇಲ್ಲಿ ನೋಡೋಣ.

ಮೊದಲು ಇಂಗ್ಲೆಂಡಿಗೆ ಹೋಗಬೇಕು. ನಮ್ಮ ಕಾಯಿದೆಗಳ ಅಚ್ಚು ಎರಕ ಹೊಯ್ದದ್ದು ಅಲ್ಲೇ.

ಸಾಬೂನು, ಗಾಜು, ಬಟ್ಟೆ, ಈ ಮೂರಕ್ಕೂ ಸೋಡಾ ಬೇಕು. ಉಪ್ಪಿನಿಂದ ಸೋಡಾ ತೆಗೆಯುವ ವಿಧಾನವನ್ನು ಫ್ರಾನ್ಸಿನ ನಿಕೋಲಸ್ ಲೆಬ್ಲಾಂಕ್ 1791ರಲ್ಲಿ ತನ್ನ ಹೆಸರಿಗೆ ದಾಖಲು ಮಾಡಿಸಿಕೊಂಡ. ಮೊದಲ ಹೆಜ್ಜೆ ಏನಪ್ಪಾ ಅಂದರೆ, ಉಪ್ಪಿನ ಮೇಲೆ ಗಂಧಕಾಮ್ಲ ಸುರಿದು ಕಾಯಿಸುವುದು. ಆಗ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲ ಏಳುತ್ತದೆ. ಅದು ನೀರಿನ ಪಸೆ ಕಂಡಲ್ಲಿ ಆಮ್ಲವಾಗುತ್ತದೆ: ಎಲೆಯ ಮೇಲೆ, ಕಣ್ಣಿನಲ್ಲಿ, ಗಂಟಲಲ್ಲಿ, ಹಲ್ಲಿನ ಮೇಲೆ. ಲಿವರ್‌ಪೂಲ್ ಸುತ್ತಿನ ಸೇಂಟ್ ಹೆಲೆನ್ಸ್, ವಿಡ್ನೆಸ್, ಟೈನ್ ನದಿಯ ದಡ, ಗ್ಲಾಸ್ಗೋ, ಎಲ್ಲ ಕಡೆ ಈ ಕಾರ್ಖಾನೆಗಳೆದ್ದವು. ಮಾಲೀಕರು ಕಂಡುಕೊಂಡ ಪರಿಹಾರ ಒಂದೇ: ಚಿಮಣಿಯನ್ನು ಇನ್ನಷ್ಟು ಎತ್ತರ ಕಟ್ಟುವುದು. ಗ್ಲಾಸ್ಗೋದ ಸೇಂಟ್ ರೋಲಾಕ್ಸ್ ಕಾರ್ಖಾನೆಯ ಚಿಮಣಿ ನಾನೂರು ಅಡಿ ದಾಟಿತ್ತು. ಚಿಮಣಿ ಎತ್ತರವಾದರೆ ವಿಷ ಕಡಿಮೆಯಾಗುವುದಿಲ್ಲ. ಪಕ್ಕದ ಹೊಲದಲ್ಲಿ ಬೀಳುವುದು ದೂರದ ಹೊಲದಲ್ಲಿ ಬೀಳುತ್ತದೆ, ಅಷ್ಟೆ.

ಹಾಗಂತ ಉಪಾಯ ಇರಲಿಲ್ಲವೇ? ಇತ್ತು. 1836ರಲ್ಲೇ ವಿಲಿಯಂ ಗಾಸೇಜ್ ಎಂಬಾತ ದಾರಿ ತೋರಿಸಿದ್ದ. ಗೋಪುರದೊಳಗೆ ಕೋಕ್ ತುಂಬಿ, ಮೇಲಿಂದ ನೀರು ಇಳಿಸಿ, ಕೆಳಗಿಂದ ಅನಿಲ ಬಿಟ್ಟರೆ ನೀರು ಅದನ್ನು ಹೀರಿಕೊಳ್ಳುತ್ತದೆ. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಆದರೂ ಕಾನೂನು ಬರಲು ಇನ್ನೂ 27 ವರ್ಷ ಬೇಕಾಯಿತು. ಆ 27 ವರ್ಷ ಸುತ್ತಲಿನ ಜನ ಅದೇ ಗಾಳಿ ಕುಡಿದರು.

1862ರಲ್ಲಿ ಲಾರ್ಡ್ ಡರ್ಬಿ ಎದ್ದು ನಿಂತ. ಎರಡು ಸಲ ಪ್ರಧಾನಿಯಾಗಿದ್ದವನು. ಸೇಂಟ್ ಹೆಲೆನ್ಸ್ ಪಕ್ಕದಲ್ಲೇ ನೋಸ್ಲಿ ಎಂಬಲ್ಲಿ ಅವನ ಭಾರೀ ಎಸ್ಟೇಟು. ಅವನ ಒತ್ತಾಯಕ್ಕೆ ಲಾರ್ಡುಗಳ ಸಭೆ ಒಂದು ಸಮಿತಿ ಮಾಡಿತು. ಸಮಿತಿಯ ಮುಂದೆ ಒಣಗಿದ ಮರಗಳ, ಸುಟ್ಟ ಬೇಲಿಗಳ, ಬಿದ್ದುಹೋದ ಗೇಣಿಯ ಕಥೆಗಳು ಬಂದವು. 1863ರಲ್ಲಿ ಆಲ್ಕಲಿ ಕಾಯಿದೆ ಪಾಸಾಗಿ 1864ರ ಜನವರಿ 1ರಿಂದ ಜಾರಿಗೆ ಬಂತು. ಏಳುವ ಅನಿಲದಲ್ಲಿ ನೂರಕ್ಕೆ 95 ಪಾಲನ್ನು ಕಾರ್ಖಾನೆ ಹಿಡಿದಿಡಬೇಕು, ಇಲ್ಲವೇ ದಂಡ ಕಟ್ಟಬೇಕು. ಪರೀಕ್ಷೆಗೆ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನ ವಿಜ್ಞಾನಿ ಮುಖ್ಯ ಇನ್ಸ್‌ಪೆಕ್ಟರ್, ಅವನ ಕೈಕೆಳಗೆ ನಾಲ್ಕು ಜನ.

ಈ ಕಾಯಿದೆಯ ಒಳ್ಳೆಯದನ್ನು ಮರೆಮಾಚಬಾರದು. ಅದು ಕೆಲಸ ಮಾಡಿತು. ಒಂದು ಅಂಕಿ ಗೊತ್ತುಮಾಡಿ, ಅದನ್ನು ಅಳೆಯಲು ಒಳಗೆ ಹೋಗುವ ಅಧಿಕಾರ ಇರುವ ಮನುಷ್ಯನನ್ನು ಕಳಿಸಿದ ಮೇಲೆ, 95 ಕೇಳಿದ್ದಕ್ಕೆ ಕಾರ್ಖಾನೆಗಳು ಮೊದಲ ವರ್ಷವೇ ಸುಮಾರು 98 ಹಿಡಿದುಕೊಟ್ಟವು. ಆಗುವುದೇ ಇಲ್ಲ, ದಿವಾಳಿ ಎದ್ದುಹೋಗುತ್ತೇವೆ ಅಂತ ಬಾಯಿ ಬಡಿದುಕೊಂಡ ಮಾಲೀಕರು ದಿವಾಳಿಯಾಗಲಿಲ್ಲ. ಹಿಡಿದಿಟ್ಟ ಆಮ್ಲವೇ ಮುಂದೆ ಅವರಿಗೆ ಮಾರುವ ಸರಕಾಯಿತು. "ತಂತ್ರಜ್ಞಾನ ಇಲ್ಲ, ಖರ್ಚು ಭರಿಸೋಕಾಗಲ್ಲ" ಅಂತ ಯಾವ ಕಾಲದ ಮಾಲೀಕ ಹೇಳಿದರೂ 1864ರ ಈ ಲೆಕ್ಕವನ್ನು ಅವನ ಮುಂದಿಡಬಹುದು.

ಆದರೆ ಕಾಯಿದೆಯ ತೂತುಗಳೂ ಅಷ್ಟೇ ದೊಡ್ಡವು. ಒಂದನೆಯದು, ನೂರಕ್ಕೆ ಐದು ಬಿಡಬಹುದು ಅಂದರೆ ಕಾರ್ಖಾನೆ ದುಪ್ಪಟ್ಟಾದಾಗ ಆ ಐದೂ ದುಪ್ಪಟ್ಟಾಗುತ್ತದೆ. ಅದಕ್ಕೇ 1874ರಲ್ಲಿ ಒಂದು ಘನ ಅಡಿ ಹೊಗೆಯಲ್ಲಿ ಇಷ್ಟೇ ಆಮ್ಲ ಇರಬೇಕು ಅಂತ ಮತ್ತೊಂದು ಮಿತಿ ಸೇರಿಸಿದರು. ಎರಡನೆಯದು, ಗಾಳಿಯಿಂದ ತಪ್ಪಿಸಿದ ಆಮ್ಲದಲ್ಲಿ ಮಾರಾಟವಾಗದ್ದು ಹಳ್ಳಕ್ಕೆ ಹೋಯಿತು. ಮೂರನೆಯದು, "ಸಾಧ್ಯವಾದ ಒಳ್ಳೆಯ ವಿಧಾನ" ಬಳಸಬೇಕು ಎಂಬ ಮಾತು ಕಾನೂನಿನೊಳಗೆ ಬಂತು. ಯಾರಿಗೆ ಸಾಧ್ಯ? ಎಷ್ಟು ಸಾಧ್ಯ? ಅದನ್ನು ಇನ್ಸ್‌ಪೆಕ್ಟರೂ ಮಾಲೀಕನೂ ಕೂತು ಮಾತಾಡಿಕೊಳ್ಳುತ್ತಿದ್ದರು. ಹೊಗೆ ಕುಡಿಯುವವನಿಗೆ ಆ ಮಾತುಕತೆಯಲ್ಲಿ ಜಾಗ ಇರಲಿಲ್ಲ. ಮೊಕದ್ದಮೆ ಹೂಡುವುದಕ್ಕಿಂತ ಬುದ್ಧಿ ಹೇಳುವುದೇ ಮೇಲು ಅನ್ನುವುದು ಸ್ಮಿತ್‌ನ ರೀತಿಯಾಗಿತ್ತು.

ಎಲ್ಲಕ್ಕಿಂತ ದೊಡ್ಡ ತೂತು ನಾಲ್ಕನೆಯದು. ಹಿಡಿದಿಟ್ಟ ಆಮ್ಲದಿಂದ ಕ್ಲೋರಿನ್ ತೆಗೆದರು. ಕ್ಲೋರಿನ್ನನ್ನು ಸುಣ್ಣಕ್ಕೆ ಕುಡಿಸಿ ಬಟ್ಟೆ ಬಿಳಿ ಮಾಡುವ ಬ್ಲೀಚಿಂಗ್ ಪೌಡರ್ ಮಾಡಿದರು. ಕ್ಲೋರಿನ್ ಕುಡಿದ ಸುಣ್ಣವನ್ನು ಕೋಣೆಯಿಂದ ಸಲಿಕೆಯಲ್ಲಿ ಬಾಚಿ ಪೀಪಾಯಿಗೆ ತುಂಬುವುದು ಮನುಷ್ಯರ ಕೆಲಸ. ಅವರು ಬಾಯಿಗೆ ಫ್ಲಾನೆಲ್ ಬಟ್ಟೆಯನ್ನು ಮಡಿಕೆ ಮೇಲೆ ಮಡಿಕೆ ಸುತ್ತಿಕೊಂಡು, ಮುಖಕ್ಕೆ ಜಿಡ್ಡು ಬಳಿದುಕೊಂಡು ಒಳಗಿಳಿಯುತ್ತಿದ್ದರು. ಉಪ್ಪು ಕಾಯಿಸುವ ಬಾಂಡಲೆಯ ಮುಂದೆ ನಿಂತವರ ಹಲ್ಲು ಆಮ್ಲಕ್ಕೆ ಕರಗಿ ಹೋಗುತ್ತಿದ್ದವು. ರಾಬರ್ಟ್ ಶೆರಾರ್ಡ್ ಎಂಬ ಪತ್ರಕರ್ತ 1897ರಲ್ಲಿ "ಇಂಗ್ಲೆಂಡಿನ ಬಿಳಿ ಗುಲಾಮರು" ಎಂಬ ಅರ್ಥದ ಹೆಸರಿಟ್ಟು ಬರೆದ ಪುಸ್ತಕದಲ್ಲಿ ಈ ಜನರ ಪಾಡು ಇದೆ.

ಆಲ್ಕಲಿ ಇನ್ಸ್‌ಪೆಕ್ಟರ್ ಇವರನ್ನು ದಾಟಿಕೊಂಡೇ ಚಿಮಣಿಯ ಹತ್ತಿರ ಹೋಗುತ್ತಿದ್ದ. ಅವನ ಸಲಕರಣೆ ಚಿಮಣಿಯ ಬಾಯಿಗೆ, ಮನುಷ್ಯನ ಬಾಯಿಗಲ್ಲ. ಅವನದು ಒಂದು ಇಲಾಖೆ, ಮೊದಲು ವ್ಯಾಪಾರ ಮಂಡಳಿ, 1872ರಿಂದ ಸ್ಥಳೀಯ ಆಡಳಿತ ಮಂಡಳಿ. ಒಳಗಿನ ಕೂಲಿಯವನ ಕ್ಷೇಮ ನೋಡುವ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಇನ್ನೊಂದು ಇಲಾಖೆ, ಗೃಹ ಖಾತೆ. ಒಂದೇ ಅನಿಲ. ಗೋಡೆಯಾಚೆ ಹೋದರೆ ಒಂದು ಕಾನೂನು, ಈಚೆ ಉಳಿದರೆ ಇನ್ನೊಂದು. ನಾವು ಹುಡುಕುತ್ತಿದ್ದ ಗೆರೆ ಇದೇ.

ಇನ್ನು ಸದ್ದು. ಸದ್ದಿಗೆ ಮರ ಒಣಗುವುದಿಲ್ಲ, ಗೇಣಿ ಬೀಳುವುದಿಲ್ಲ. ಆದ್ದರಿಂದ ಸದ್ದಿನ ಕಾನೂನು ಇನ್ನೂ ತಡ. 1886ರಲ್ಲಿ ಗ್ಲಾಸ್ಗೋದ ಕಿವಿ ವೈದ್ಯ ಥಾಮಸ್ ಬಾರ್ ಬಾಯ್ಲರ್ ಕಟ್ಟುವ ನೂರು ಜನರ ಕಿವಿ ಪರೀಕ್ಷೆ ಮಾಡಿದ. ಅವರದು ಕಬ್ಬಿಣದ ಹಂಡೆಯೊಳಗೆ ಕೂತು ಮೊಳೆ ಬಡಿಯುವ ಕೆಲಸ. ನೂರರಲ್ಲಿ ಒಬ್ಬನ ಕಿವಿಯೂ ಸರಿಯಾಗಿರಲಿಲ್ಲ. ಲಂಕಾಶೈರ್‌ನ ಮಗ್ಗದ ಶೆಡ್ಡುಗಳಲ್ಲಿ ಹೆಂಗಸರು ತುಟಿಯ ಆಕಾರ ನೋಡಿಯೇ ಮಾತಾಡುವ ಒಂದು ಭಾಷೆ ಬೆಳೆಸಿಕೊಂಡಿದ್ದರು. ಕಿವಿ ಹೋಗುವುದು ಕಸುಬಿನ ಜೊತೆ ಬರುವ ಸಂಬಳದ ಭಾಗ ಎಂಬಂತೆ ಆಗಿತ್ತು. ಈ ಕಿವುಡಿಗೆ ಬ್ರಿಟನ್ನಿನಲ್ಲಿ ಸರ್ಕಾರಿ ಪರಿಹಾರ ಸಿಗಲು 1970ರ ದಶಕ ಬರಬೇಕಾಯಿತು.

ಆದರೆ ಸದ್ದಿನ ಮೇಲೆ ಕೋರ್ಟಿಗೆ ಹೋಗಿ ಗೆದ್ದವರೂ ಇದ್ದರು. 1879ರ ಸ್ಟರ್ಜಸ್ ವಿರುದ್ಧ ಬ್ರಿಡ್ಜ್‌ಮನ್ ಮೊಕದ್ದಮೆ ನೋಡಿ. ಲಂಡನ್ನಿನ ಸಿರಿವಂತರ ಕೇರಿಯಲ್ಲಿ ಒಬ್ಬ ಡಾಕ್ಟರು, ಹಿಂದಿನ ಮನೆಯಲ್ಲಿ ಒಬ್ಬ ಮಿಠಾಯಿಗಾರ. ಮಿಠಾಯಿಗಾರನ ಒರಳಿನ ಸದ್ದಿಗೆ ಡಾಕ್ಟರಿಗೆ ರೋಗಿಯ ಎದೆ ಬಡಿತ ಕೇಳುತ್ತಿರಲಿಲ್ಲ. ಕೋರ್ಟು ಒರಳು ನಿಲ್ಲಿಸಿತು. ನಿಲ್ಲಿಸುವಾಗ ನ್ಯಾಯಾಧೀಶರು ಒಂದು ತತ್ವ ಹೇಳಿದರು: ಬೆಲ್‌ಗ್ರೇವ್ ಚೌಕದಲ್ಲಿ ಉಪದ್ರವ ಅನಿಸುವುದು ಬರ್ಮಂಡ್ಸಿಯಲ್ಲಿ ಉಪದ್ರವ ಆಗಲೇಬೇಕೆಂದಿಲ್ಲ. ಬೆಲ್‌ಗ್ರೇವ್ ಚೌಕ ಶ್ರೀಮಂತರ ಜಾಗ. ಬರ್ಮಂಡ್ಸಿ ಯಾವುದು ಗೊತ್ತೆ? ಚರ್ಮ ಹದ ಮಾಡುವವರ ಕೇರಿ.

ಚರ್ಮದ ಕೇರಿಯವರಿಗೆ ನಾತ, ಸದ್ದು, ಹೊಗೆ ಎಲ್ಲ ಸಹಜ. ಅವರ ಮೂಗು ಬೇರೆ, ಕಿವಿ ಬೇರೆ. ಇದನ್ನು ಓದುವಾಗ ನಮಗೆ ನಮ್ಮೂರೇ ನೆನಪಾದರೆ ತಪ್ಪೇನಿಲ್ಲ. ಮನು ಬರೆದದ್ದನ್ನು ಓದದೆ ಇಂಗ್ಲಿಷ್ ನ್ಯಾಯಾಧೀಶನೂ ಅದೇ ಜಾಗಕ್ಕೆ ಬಂದು ನಿಂತಿದ್ದ.

ಈಗ ನಮ್ಮ ನೆಲಕ್ಕೆ ಬರೋಣ. ಬ್ರಿಟಿಷರು ಹೊಗೆಯ ಕಾಯಿದೆಯನ್ನು ಇಲ್ಲಿಗೂ ತಂದರು. ಕಲ್ಕತ್ತೆ, ಹೌರಾಗಳಿಗೆ 1905ರಲ್ಲಿ ಬಂಗಾಳದ ಹೊಗೆ ಉಪದ್ರವ ಕಾಯಿದೆ, ಮುಂಬಯಿಗೆ 1912ರಲ್ಲಿ ಅಂಥದೇ ಒಂದು. ಅವು ನೋಡಿದ್ದು ನಗರದ ಆಕಾಶಕ್ಕೆ ಏರುವ ಕಪ್ಪು ಹೊಗೆಯನ್ನು. ಗಿರಣಿಯೊಳಗಿನ ಹತ್ತಿ ಧೂಳು, ಸೆಣಬಿನ ಧೂಳು ಕಪ್ಪಗಿರುವುದಿಲ್ಲ, ಆಕಾಶಕ್ಕೂ ಏರುವುದಿಲ್ಲ. ಎದೆಯೊಳಗೆ ಇಳಿಯುತ್ತದೆ.

ಇಲ್ಲಿ ಆ ಗೋಡೆಯ ಒಳಗೂ ಇನ್ನೊಂದು ಗೋಡೆ ಇತ್ತು. ಮುಂಬಯಿ ಗಿರಣಿಗಳ ನೇಯ್ಗೆ ಖಾತೆಯಲ್ಲಿ ಕೂಲಿ ಹೆಚ್ಚು. ಅಲ್ಲಿ ನೂಲನ್ನು ಲಾಳಿಯ ತೂತಿನಿಂದ ಬಾಯಲ್ಲಿ ಹೀರಿ ಎಳೆಯಬೇಕಾಗುತ್ತಿತ್ತು. ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗುತ್ತದೆ ಅಂತ ದಲಿತರಿಗೆ ಆ ಖಾತೆಯ ಬಾಗಿಲು ಮುಚ್ಚಿದ್ದರು. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಬಾಬಾಸಾಹೇಬ್ ಅಂಬೇಡ್ಕರರು ಕಾರ್ಮಿಕ ನಾಯಕರ ಮುಂದೆ ಈ ಪ್ರಶ್ನೆ ಎತ್ತಿದರು. ಯಂತ್ರಕ್ಕೆ ಜಾತಿ ಇಲ್ಲ, ಖರೆ. ಯಾವ ಯಂತ್ರದ ಮುಂದೆ ಯಾರು ನಿಲ್ಲಬೇಕು ಅನ್ನುವುದಕ್ಕೆ ಜಾತಿ ಇತ್ತು. ಯಾವ ಧೂಳು ಯಾರ ಎದೆಗೆ ಎಂಬುದನ್ನೂ ಅದೇ ಗೊತ್ತುಮಾಡಿತ್ತು.

ನಮ್ಮ ಕೋಲಾರದ ಚಿನ್ನದ ಗಣಿಯೇ ಇದಕ್ಕೆ ಸಾಕ್ಷಿ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ನಡೆದ ಗಣಿ. ನೆಲದೊಳಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ಆದಿ ದ್ರಾವಿಡರು. ಊರಿನ ಗೌಡನ ಜೀತಕ್ಕಿಂತ ಪಾತಾಳವೇ ಮೇಲು ಅಂತ ಬಂದವರು. 1897ರ ಮೈಸೂರು ಗಣಿ ಕಾಯಿದೆ ಏನು ಮಾಡಿತು ನೋಡಿ: ಲೆಕ್ಕ ಕೊಡಲಾಗದ ಅದಿರಿನ ಚೂರು ಕೂಲಿಯವನ ಕೈಯಲ್ಲಿ ಸಿಕ್ಕರೆ ಅದು ಅಪರಾಧ. ಮಡಿಲು, ಜೇಬು, ಬಾಯಿ ಎಲ್ಲವನ್ನೂ ಹುಡುಕಬೇಕೆನ್ನುವಷ್ಟು ಅನುಮಾನ. ಆದರೆ ಅದೇ ಕಲ್ಲು ಪುಡಿಯಾಗಿ ಅವನ ಎದೆಯೊಳಗೆ ಹೋದರೆ ಅದನ್ನು ಹುಡುಕುವವರಿಲ್ಲ. ಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕಾಯಿಲೆಗೆ ಮೈಸೂರು ಸಂಸ್ಥಾನದಲ್ಲಿ ಪರಿಹಾರದ ನಿಯಮ ಬಂದದ್ದು 1940ರಲ್ಲಿ. ಆ ದಶಕದಲ್ಲೇ ಗಣಿಯ 7,653 ಜನರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಈ ಕಾಯಿಲೆ ಸಿಕ್ಕಿತು. ಜೇಬಿನಲ್ಲಿದ್ದ ಕಲ್ಲು ಕಾನೂನಿಗೆ ತಕ್ಷಣ ಕಂಡಿತು. ಎದೆಯಲ್ಲಿದ್ದ ಕಲ್ಲು ಕಾಣಲು ಮತ್ತೆ 43 ವರ್ಷ ಹಿಡಿಯಿತು.

ಚಿನ್ನ ತೆಗೆಯಲು ಕಲ್ಲನ್ನು ನುಣ್ಣಗೆ ಕುಟ್ಟಿ ಸೈನೈಡ್ ನೀರಿನಲ್ಲಿ ತೊಳೆಯುತ್ತಿದ್ದರು. ಉಳಿದ ಪುಡಿಯೇ ಕಾರ್ಮಿಕರ ಲೈನುಗಳ ಪಕ್ಕದಲ್ಲಿ ಬೆಟ್ಟವಾಗಿ ಬಿತ್ತು. ಮೂರು ಕೋಟಿ ಟನ್ನಿಗೂ ಮೇಲೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಬಳ ನಿಂತಿತು, ಯಂತ್ರದ ಸದ್ದು ನಿಂತಿತು. ಧೂಳು ನಿಲ್ಲಲಿಲ್ಲ. ಗಾಳಿ ತಿಂಗಳಲ್ಲಿ ಸೈನೈಡ್ ಗುಡ್ಡದ ಪುಡಿ ಎದ್ದು ಮನೆ, ಅನ್ನದ ತಟ್ಟೆ, ಶಾಲೆಯ ಬೆಂಚು ಎಲ್ಲದರ ಮೇಲೂ ಕೂರುತ್ತದೆ. ಗುಡ್ಡಕ್ಕೆ ಚಿಮಣಿ ಇಲ್ಲ. ಚಿಮಣಿಯ ಬಾಯಿ ನೋಡಿ ಕಲಿತ ಕಾನೂನು ಇಂಥ ಕಡೆ ಬಂದು ತಬ್ಬಿಬ್ಬಾಗುತ್ತದೆ.

ಸ್ವತಂತ್ರ ಭಾರತ 1948ರಲ್ಲಿ ಕಾರ್ಖಾನೆ ಕಾಯಿದೆ ಮಾಡಿತು, ಅದು ಒಳಗಿನದು. 1981ರಲ್ಲಿ ವಾಯು ಮಾಲಿನ್ಯ ಕಾಯಿದೆ ಮಾಡಿತು, ಅದು ಹೊರಗಿನದು. ಇಂಗ್ಲೆಂಡಿನ ಆ ಗೆರೆ ನಮ್ಮ ಎರಡು ಇಲಾಖೆಗಳ ನಡುವೆ ಹಾಗೇ ಬಂದು ಕೂತಿತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನಲ್ಲಿ ಗೋಡೆಯ ಒಳಗಿನ ವಿಷ ಹೊರಗೆ ಬಂತು. ಅದು ಮೊದಲು ನುಗ್ಗಿದ್ದು ಗೋಡೆಗೆ ಒತ್ತಿಕೊಂಡಿದ್ದ ಬಡವರ ಗುಡಿಸಲುಗಳಿಗೆ. ಆಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ. 1987ರಲ್ಲಿ ವಾಯು ಕಾಯಿದೆಗೂ ಕಾರ್ಖಾನೆ ಕಾಯಿದೆಗೂ ತಿದ್ದುಪಡಿ. ಸದ್ದು ಕೂಡ ಗಾಳಿಯನ್ನು ಕೆಡಿಸುವ ವಸ್ತು ಅಂತ ಕಾನೂನು ಒಪ್ಪಿಕೊಂಡದ್ದು ಆ 1987ರಲ್ಲೇ, ಥಾಮಸ್ ಬಾರ್ ನೂರು ಕಿವಿಗಳನ್ನು ನೋಡಿದ ನೂರೊಂದು ವರ್ಷದ ಮೇಲೆ.

ಈಗ ಎರಡೂ ಕಡೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೇಷ್ಟ್ರುಗಳು ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಬಹುದು. ಗಂಧಕದ ಡೈಆಕ್ಸೈಡ್ ತಗೊಳ್ಳಿ. 2009ರ ರಾಷ್ಟ್ರೀಯ ಮಾನದಂಡದಲ್ಲಿ ಹೊರಗಿನ ಗಾಳಿಯಲ್ಲಿ ಒಂದು ಘನ ಮೀಟರಿಗೆ 24 ಗಂಟೆಯ ಸರಾಸರಿ 80 ಮೈಕ್ರೋಗ್ರಾಂ. 1987ರ ತಿದ್ದುಪಡಿ ಕಾರ್ಖಾನೆಯ ಒಳಗಿನ ಗಾಳಿಗೆ 8 ಗಂಟೆಯ ಸರಾಸರಿಯಾಗಿ ಬರೆದದ್ದು 5 ಮಿಲಿಗ್ರಾಂ, ಅಂದರೆ 5,000 ಮೈಕ್ರೋಗ್ರಾಂ. ಅರವತ್ತು ಪಟ್ಟಿಗೂ ಮೇಲೆ. ಪಾಳಿಯ ಎಂಟು ಗಂಟೆ ಬೇರೆ, ದಿನದ ಇಪ್ಪತ್ನಾಲ್ಕು ಗಂಟೆ ಬೇರೆ, ಮಕ್ಕಳು ಮುದುಕರು ಹೊರಗಿರುತ್ತಾರೆ ಅನ್ನುವ ವಾದ ಉಂಟು. ಒಪ್ಪೋಣ. ಆದರೆ ಪಾಳಿ ಮುಗಿಸಿದವನು ಎಲ್ಲಿಗೆ ಹೋಗುತ್ತಾನೆ? ಅದೇ ಚಿಮಣಿಯ ಕೆಳಗಿನ ಗುಡಿಸಲಿಗೆ. ಒಳಗಿನ ಎಂಟು ಗಂಟೆಯೂ ಅವನದೇ, ಹೊರಗಿನ ಹದಿನಾರು ಗಂಟೆಯೂ ಅವನದೇ. ಎರಡು ಕಚೇರಿಗಳು ಎರಡು ರಿಜಿಸ್ಟರಿನಲ್ಲಿ ಬರೆಯುವುದು ಒಂದೇ ಎದೆಗೆ ಹೋಗುತ್ತದೆ. ಈ ಎರಡನ್ನೂ ಕೂಡಿಸಿ ಮೊತ್ತ ಹಾಕುವ ಕಲಮು ಈ ಕಾಯಿದೆಗಳಲ್ಲಿಲ್ಲ.

ಸದ್ದಿನದೂ ಹಾಗೇ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಾಸದ ಬಡಾವಣೆಗೆ ಹಗಲು 55 ಡೆಸಿಬಲ್, ರಾತ್ರಿ 45. ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70. ಕಾರ್ಖಾನೆಯೊಳಗೆ ಎಂಟು ಗಂಟೆಗೆ 90 ಅಂತ ಮಾದರಿ ಕಾರ್ಖಾನೆ ನಿಯಮ ಇಟ್ಟಿತು. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. 55ಕ್ಕೂ 90ಕ್ಕೂ ಇರುವ ಅಂತರ ಮೂರು ಸಾವಿರ ಪಟ್ಟಿಗೂ ಹೆಚ್ಚು. ವಾಸದ ಬಡಾವಣೆಗೆ ಒಂದು, ಕೈಗಾರಿಕಾ ಪ್ರದೇಶಕ್ಕೆ ಇನ್ನೊಂದು ಅನ್ನುವುದು ಬೆಲ್‌ಗ್ರೇವ್ ಚೌಕ, ಬರ್ಮಂಡ್ಸಿಗಳ ಅದೇ ತರ್ಕ. ಕೈಗಾರಿಕಾ ಪ್ರದೇಶ ಅಂತ ನಕ್ಷೆಯಲ್ಲಿ ಬಣ್ಣ ಹಚ್ಚಿದ ಜಾಗದಲ್ಲಿ ಶೆಡ್ಡು ಹಾಕಿಕೊಂಡು ಮಲಗುವ ಗುತ್ತಿಗೆ ಕೂಲಿಯವರ ಮಗುವಿನ ಕಿವಿಗೆ ರಾತ್ರಿ 70 ಸಾಕು, ಎಂಜಿನಿಯರ ಮಗುವಿಗೆ 45 ಬೇಕು!

ಕಾನೂನು ಈಗ ಯಾವ ಕಡೆ ವಾಲುತ್ತಿದೆ ಅನ್ನುವುದೂ ಗೊತ್ತಿರಲಿ. 1987ರ ತಿದ್ದುಪಡಿ ಮಿತಿ ಮೀರಿ ಹೊಗೆ ಬಿಟ್ಟವನಿಗೆ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು ಇಟ್ಟಿತ್ತು. 2023ರ ಜನ ವಿಶ್ವಾಸ್ ಕಾಯಿದೆ ಆ ಜೈಲನ್ನು ತೆಗೆದು ಹತ್ತು ಸಾವಿರದಿಂದ ಹದಿನೈದು ಲಕ್ಷದವರೆಗಿನ ದಂಡ ಇಟ್ಟಿತು. 2020ರಲ್ಲಿ ಪಾಸಾದ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲಿ, ವಿದ್ಯುತ್ ಬಳಸುವ ಜಾಗ ಕಾರ್ಖಾನೆ ಅನಿಸಿಕೊಳ್ಳಲು ಹತ್ತರ ಬದಲು ಇಪ್ಪತ್ತು ಜನ ಇರಬೇಕು. ಹನ್ನೆರಡು ಜನ ದುಡಿಯುವ ಕಲ್ಲು ಪುಡಿ ಮಾಡುವ ಶೆಡ್ಡು ಈ ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ. ಯಾರ ವಿಶ್ವಾಸ, ಯಾವ ಜನ? ಅದಿರಿನ ಚೂರು ಇಟ್ಟುಕೊಂಡ ಕೂಲಿಯವನಿಗೆ ಕಂಬಿ ತೋರಿಸಿದ ನಾಡಿನಲ್ಲಿ ಗಾಳಿಗೆ ವಿಷ ಬಿಟ್ಟವನಿಗೆ ರಸೀತಿ!

ಇಷ್ಟೆಲ್ಲ ಹೇಳಿದ್ದು ಕಾನೂನಿನಿಂದ ಏನೂ ಆಗದು ಅಂತ ಕೈಚೆಲ್ಲಿ ಕೂರುವುದಕ್ಕಲ್ಲ. ಅಂಕಿ ಬೇಕು, ಅಳೆಯುವ ಕಣ್ಣು ಬೇಕು ಎಂಬುದನ್ನು 1864 ಕಲಿಸುತ್ತದೆ. ಆ ಕಣ್ಣು ಎಲ್ಲಿ ನಿಂತು ನೋಡಬೇಕು ಎಂಬುದನ್ನು ಕೋಲಾರ ಕಲಿಸುತ್ತದೆ. ಆದ್ದರಿಂದ ನಮ್ಮ ಅರ್ಜಿ ಬದಲಾಗಬೇಕು. ಬರೀ "ಹೊಗೆ ಜಾಸ್ತಿಯಾಗಿದೆ, ಕ್ರಮ ಕೈಗೊಳ್ಳಿ" ಅಂತ ಬರೆದರೆ ಅದು ಚಿಮಣಿಯ ಬಾಯಿಗೆ ಹೋಗಿ ವಾಪಸು ಬರುತ್ತದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಮಾಲಿನ್ಯ ಮಂಡಳಿಯಿಂದ ಕಾರ್ಖಾನೆಯ ಸಮ್ಮತಿ ಪತ್ರ, ಅದರ ಷರತ್ತು, ಚಿಮಣಿಯ ಅಳತೆಯ ವರದಿ ಕೇಳಿ. ಅದೇ ದಿನ ಕಾರ್ಖಾನೆ ಇಲಾಖೆಯಿಂದ ಒಳಗಿನ ಗಾಳಿ, ಸದ್ದಿನ ಅಳತೆ ಮತ್ತು ಕೂಲಿಯವರ ಎದೆ, ಕಿವಿ ಪರೀಕ್ಷೆಯ ವರದಿ ಕೇಳಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಯಾವ ಕೇರಿಯ ಎಷ್ಟು ಮನೆ ಗಾಳಿಯ ದಿಕ್ಕಿಗಿವೆ, ಒಳಗೆ ಯಾವ ಖಾತೆಯಲ್ಲಿ ಯಾವ ಜನ ನಿಂತಿದ್ದಾರೆ ಅನ್ನುವುದನ್ನು ನೀವೇ ಎಣಿಸಿ ಬರೆಯಿರಿ. ಆ ಮೂರನೆಯ ಕಾಲಮನ್ನು ಕಚೇರಿಯವರು ತುಂಬುವುದಿಲ್ಲ. ನಾವು ತುಂಬಬೇಕು.

ಹಳ್ಳಿಯಲ್ಲಿ ಕೇರಿಯ ಗಾಳಿ ಊರಿಗೆ ಬೀಸಬಾರದು ಅಂತ ನಮ್ಮನ್ನು ಹೊರಗಿಟ್ಟರು. ಈಗ ಕಾರ್ಖಾನೆಯ ಗಾಳಿ ಊರಿಗೆ ಬೀಸಬಾರದು ಅಂತ ಅದನ್ನು ತಂದು ಕೇರಿಯ ಪಕ್ಕ ಇಡುತ್ತಾರೆ. ಗಾಳಿಯ ದಿಕ್ಕು ಕೇಳುವ ಹಕ್ಕು ಲಾರ್ಡ್ ಡರ್ಬಿಯ ಮರಗಳಿಗೆ 1863ರಲ್ಲೇ ಸಿಕ್ಕಿತು. ಮನುಷ್ಯರಾದ ನಮಗೆ ಅದು ಇನ್ನೂ ಸಿಕ್ಕಿಲ್ಲ.